ರಜಿನಿ ಬಿಟ್ಟುಕೊಟ್ಟ ಅಂಚು

ತೆಲಂಗಾಣ ಬೇರೆ ರಾಜ್ಯವಾದ ಹೊಸತರಲ್ಲಿ ಬಾಲರಾಜ ಗದ್ವಾಲದಲ್ಲಿ ಸೀರೆ ಡಿಸೈನಿನ ಅಂಗಡಿ ತೆರೆದ. ನಾರಾಯಣಪೇಟೆಯ ನೇಕಾರರ ಮನೆಯ ರಜಿನಿ ಅಲ್ಲಿ ಕೆಲಸಕ್ಕೆ ಸೇರಿದಳು. ಕಂಪ್ಯೂಟರಿನ ಚಿತ್ರವನ್ನು ನೇಯ್ಗೆಯ ವಿನ್ಯಾಸ ಹಿಡಿದಿಡುವ, ಮಗ್ಗದ ತೂತಿನ ರಟ್ಟುಗಳಿಗೆ ಇಳಿಸುವ ಸಾಫ್ಟ್‌ವೇರ್ ಒಂದಿತ್ತು. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಆದರೆ ಸೀರೆಯುದ್ದಕ್ಕೂ ಗೋಪುರಗಳ ಸಾಲು ಬರುವ ಗೋಪುರದ ಅಂಚು ಅದರಲ್ಲಿ ಮುರಿದು ಬರುತ್ತಿತ್ತು. ಅದನ್ನು ಸರಿಪಡಿಸುವ ಭಾಗವನ್ನು ರಜಿನಿ ಸಂಜೆ ಬಿಡುವಿನಲ್ಲಿ ತಾನೇ ಕಲಿತು ಬರೆದಳು. ಬಾಲರಾಜ ಅದನ್ನು ತನ್ನದೆಂದು ಮಾರತೊಡಗಿದ.

ಅದು ನಾನು ಬರೆದದ್ದಲ್ಲವೇ ಎಂದು ಅವಳು ಕೇಳಿದಾಗ ಅಂಗಡಿ ತುಂಬ ನೇಕಾರರಿದ್ದರು. ಅವರ ಎದುರಿಗೇ ಆತ ಹೇಳಿದ: "ಈಕಿ ಬರೇ ಬಣ್ಣ ತುಂಬಾಕಿ. ಡಿಸೈನ್ ಕದ್ದು ಹೊರಗ ಕೊಡತಾಳ."

ಆಮೇಲೆ ಗದ್ವಾಲದಲ್ಲಿ ಯಾರೂ ಅವಳಿಗೆ ಕೆಲಸ ಕೊಡಲಿಲ್ಲ. ಮಕ್ತಲ್ ಊರಿನ ಮೇಲೆ ಹಾದು ಬರುವ ಬಸ್ಸಿನಲ್ಲಿ ನಾರಾಯಣಪೇಟೆಗೆ ಮರಳುವಾಗ ಅವಳಿಗೆ ಅಳು ಬರಲಿಲ್ಲ. ಆತ ಮಾರುವುದನ್ನು ಊರಿಗೆಲ್ಲ ಪುಕ್ಕಟೆ ಸಿಗುವಂತೆ ಮಾಡಬೇಕು ಎಂಬುದೊಂದೇ ತಲೆಯಲ್ಲಿತ್ತು.

ಮನೆಯ ಹಳೆಯ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರಿನ ಸೋರ್ಸ್ ಕೋಡ್ ಇಳಿಸಿಕೊಂಡಳು. ಅದನ್ನು ಓಡಿಸುವುದೇ ದೊಡ್ಡ ಕೆಲಸವಾಯಿತು. ಅದಕ್ಕೆ ಬೇಕಾದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಳೆಯದು, ಅವಳಲ್ಲಿದ್ದದ್ದು ಹೊಸದು. ಹಳೆಯದನ್ನು ಬೇರೆಯಾಗಿ ಹಾಕಿದರೆ ಅದರ ಜೊತೆ ಚಿತ್ರ ಓದಲು ಬೇಕಾದ ಸಿದ್ಧ ಕೋಡು, ಅಂದರೆ ಲೈಬ್ರರಿ, ಸಿಗಲಿಲ್ಲ. ಫೋನಿನ ನೆಟ್ ನಡುವೆಯೇ ಕಡಿದು ಹೋಗುತ್ತಿತ್ತು. ಒಂದು ಎರರ್ ತೀರಿದರೆ ಇನ್ನೊಂದು. ಪ್ರತಿ ಸಲವೂ ಬಾಲರಾಜನ ಮಾತು ನೆನಪಾಗಿ ಮತ್ತೆ ಕೂರುತ್ತಿದ್ದಳು.

ಮಗ್ಗದಲ್ಲಿದ್ದ ತಾಯಿ ಪೋಚಮ್ಮ ಕೈ ನಿಲ್ಲಿಸಿ ಕೇಳಿದಳು: "ಆತನ ಮ್ಯಾಲಿನ ಸಿಟ್ಟಿಗೆ ನಿನ್ನ ಕಣ್ಣ್ಯಾಕ ಹಾಳ ಮಾಡ್ಕೋತಿ ಮಗಳ?"

"ಸಿಟ್ಟೈತಿ ಅಂತನ ಕುಂತೀನವ್ವ," ಎಂದಳು ರಜಿನಿ.

ಕೊನೆಗೆ ಎಲ್ಲ ಕೂಡಿತು, ಎಲ್ಲ ಸರಿಯಾಗಿ ಓಡುತ್ತದೋ ಎಂದು ನೋಡುವ ಪರೀಕ್ಷೆ ಮಾತ್ರ ಸೋಲುತ್ತಿತ್ತು. ತಾನು ಫೋಲ್ಡರಿಗೆ ಕನ್ನಡದಲ್ಲಿ 'ಗೋಪುರ' ಎಂದು ಹೆಸರಿಟ್ಟದ್ದೇ ಕಾರಣವೆಂದು ತಿಳಿಯಿತು. ಹೆಸರು ಬದಲಿಸಿದ್ದರೆ ಮುಗಿಯುತ್ತಿತ್ತು. ಅವಳು ಹಾಗೆ ಮಾಡದೆ, ಕನ್ನಡ ಹೆಸರನ್ನೂ ಓದುವಂತೆ ಸಾಫ್ಟ್‌ವೇರನ್ನೇ ತಿದ್ದಿ ಕಳಿಸಿದಳು. ಅದನ್ನು ನೋಡಿಕೊಳ್ಳುವವರು ಒಪ್ಪಿಕೊಂಡರು. ಬಳಿಕ ಗೋಪುರದ ಅಂಚಿನ ಭಾಗವನ್ನು ಕದ್ದಳೆಂಬ ಮಾತಿಗೆ ಎಡೆಯಿಲ್ಲದಂತೆ, ಬಾಲರಾಜನ ಬಳಿಯಿದ್ದ ಹಳೆಯದರ ಒಂದು ಸಾಲೂ ತೆಗೆದುಕೊಳ್ಳದೆ ಹೊಸದಾಗಿ ಬರೆದು ಸೇರಿಸಿದಳು. ಕೆಳಗೆ ಅವಳ ಹೆಸರು, ಊರು.

ನಾರಾಯಣಪೇಟೆಯಲ್ಲಿ ಮಗ್ಗ ಹಾಕಿಸಿ ನೇಯಿಸುವ ಮಾಸ್ಟರುಗಳಿಗೆ ತಾನೇ ಮನೆಮನೆಗೆ ಹೋಗಿ ಅದನ್ನು ಹಾಕಿಕೊಟ್ಟಳು. ಸುದ್ದಿ ಗದ್ವಾಲಕ್ಕೂ ಹೋಯಿತು. ಮಾರಾಟ ನಿಂತು, ಗಿರಾಕಿಗಳು ಹೊಸದನ್ನೇ ಕೇಳತೊಡಗಿದ್ದರಿಂದ ಬಾಲರಾಜನೂ ಅದನ್ನೇ ಇಳಿಸಿಕೊಳ್ಳಬೇಕಾಯಿತು. ಅವನ ಕಂಪ್ಯೂಟರಿನಲ್ಲಿ ಅದು ಓಡಲಿಲ್ಲ. ಫೋನ್ ಮಾಡಿದ.

"ರಜಿನೀ, ಆದದ್ದು ಆತು. ಇದೊಂದೀಟು ಸರಿ ಮಾಡಿ ಕೊಡು."

"ಫೋನಿನ್ಯಾಗ ಹೇಳಬ್ಯಾಡ್ರಿ ಅಣ್ಣ. ನೆಟ್ಟಿನ್ಯಾಗ ಅದರ ತೊಂದ್ರಿ ಕೇಳೂ, ಎಲ್ಲಾರೂ ನೋಡೂ ಪುಟದಾಗ ಬರೀರಿ. ಮದ್ಲ ಇದನ್ನ ಮಾಡಿದಾಕಿ ಯಾರು ಅಂತ ಬರೀರಿ."

ಆತ ಫೋನ್ ಇಟ್ಟ. ಮರುದಿನ ಆ ಪುಟದಲ್ಲಿ ಅವನ ಹೆಸರಿನಲ್ಲಿ ಎರಡು ಸಾಲು ಬಂದಿತ್ತು. ಗೋಪುರದ ಅಂಚನ್ನು ಮಾಡಿದವಳು ರಜಿನಿ, ಮೊದಲಿನದೂ ಅವಳದೇ ಎಂದು. ಕೆಳಗೆ ತನ್ನ ಎರರ್ ಬರೆದಿದ್ದ. ಅವನ ಅಂಗಡಿಯಲ್ಲಿ ಅಂದು ಕೂತಿದ್ದ ನೇಕಾರರೂ ಅದನ್ನು ಓದಿದರು.

ರಜಿನಿ ಅದನ್ನು ತಾಯಿಗೆ ಓದಿ ಹೇಳಿದಳು. ಪೋಚಮ್ಮ ಇನ್ನಾದರೂ ಅವನಿಗೆ ಉತ್ತರ ಕೊಡು ಎಂದಳು. ಕೊಡುತ್ತೇನೆ, ಅವಸರವೇನು ಎಂದ ರಜಿನಿ ಲ್ಯಾಪ್‌ಟಾಪ್ ಮುಚ್ಚಿಟ್ಟು, ಹೊಟ್ಟೆ ತುಂಬ ಉಂಡು, ಬಹಳ ದಿನಗಳ ಮೇಲೆ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು.