ರೆನ್ನಿಯ ಎಡಗಾಲಿನ ಬೂಟು

ನಾನು ಒಂದು ಫುಟ್‌ಬಾಲ್ ಬೂಟು, ಎಡಗಾಲಿನದು. ಮೊದಲ ಮಹಾಯುದ್ಧಕ್ಕೂ ಮುಂಚೆ, ಸ್ಕಾಟ್ಲೆಂಡಿನ ಒಂದು ಗಣಿಯೂರಿನಲ್ಲಿ ನನ್ನನ್ನು ದಪ್ಪ ಚರ್ಮದಿಂದ ಹೊಲಿದರು. ಜಾರದಿರಲೆಂದು ಅಡಿಭಾಗಕ್ಕೆ ಚರ್ಮದ ಬಿಲ್ಲೆಗಳನ್ನು ಮೊಳೆ ಹೊಡೆದು ಕೂರಿಸಿದರು. ಹುಟ್ಟಿದ ಕೂಡಲೇ ನನಗೆ ಸಿಕ್ಕಿದ್ದು ಬಿಸಿನೀರಿನ ಸ್ನಾನ. ನನ್ನ ಒಡೆಯ ಗ್ಯಾವಿನ್ ರೆನ್ನಿ ನನ್ನನ್ನು ಹಾಕಿಕೊಂಡೇ ನೀರಿನ ಬಕೆಟ್ಟಿನಲ್ಲಿ ನಿಂತ. ಹೊಸ ಬೂಟು ಕಾಲಿಗೆ ಒಗ್ಗಲು ಅವರಲ್ಲಿ ಅದೇ ದಾರಿ.

ರೆನ್ನಿ ಗೋಲಿನ ಮುಂದೆ ನಿಂತು, ನುಗ್ಗಿ ಬಂದವರನ್ನು ತಡೆಯುವ ಆಟಗಾರ. ಗೋಲು ಹೊಡೆದವನನ್ನು ಊರು ಹೆಗಲ ಮೇಲೆ ಹೊರುತ್ತಿತ್ತು. ನಮ್ಮ ನೆನಪಾಗುತ್ತಿದ್ದುದು ನಾವು ತಪ್ಪಿದಾಗ ಮಾತ್ರ. ನನಗೆ ಮೈ ಉರಿಯುತ್ತಿತ್ತು, ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವನಪ್ಪ ಕಲ್ಲಿದ್ದಲ ಗಣಿಯಲ್ಲಿ ಸತ್ತಿದ್ದ. ಆಟದ ಸಂಬಳವಿರುವವರೆಗೆ ತಾನು ಗಣಿಗಿಳಿಯಬೇಕಿಲ್ಲ, ಅವನಿಗೆ ಅಷ್ಟು ಸಾಕಿತ್ತು.

ಕಪ್ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಎದುರಾಳಿಯೊಬ್ಬ ಅವನ ಎಡ ಮೊಣಕಾಲಿಗೆ ಒದ್ದ. ಒಳಗೆ ಏನೋ ಹರಿದದ್ದು ನನಗೂ ತಿಳಿಯಿತು. ಆಗ ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ. ಗಾಯಗೊಂಡವನನ್ನು ಮೈದಾನದ ಅಂಚಿನಲ್ಲಿ ಕುಂಟುತ್ತಲಾದರೂ ನಿಲ್ಲಿಸುತ್ತಿದ್ದರು. ಅವನನ್ನು ಕಾಯಲು ಎದುರಾಳಿಗಳಲ್ಲೊಬ್ಬ ನಿಲ್ಲಬೇಕಲ್ಲ, ಅದೇ ಲಾಭ.

"ಸ್ವಲ್ಪ ಕೂತ್ಕೊಳ್ಲಾ?" ಎಂದ ರೆನ್ನಿ.

ತರಬೇತುದಾರ ಲೋರಿಮರ್ ಮೊಣಕಾಲಿಗೆ ಬಟ್ಟೆ ಬಿಗಿಯುತ್ತ, "ಸುಮ್ನೆ ನಿಂತಿರು ಸಾಕು. ಓಡು ಅಂತ ಯಾರು ಹೇಳಿದ್ರು?" ಎಂದ.

ಚೆಂಡು ಹತ್ತಿರ ಬಂದಾಗ ಓಡಿಯೇಬಿಟ್ಟ, ದಡ್ಡ. ತಂಡ ಗೆದ್ದಿತು. ಆದರೆ ಮೊಣಕಾಲು ಸರಿಹೋಗಲಿಲ್ಲ, ಮುಂದಿನ ವರ್ಷ ತಂಡ ಅವನನ್ನು ಕರೆಯಲೂ ಇಲ್ಲ. ಹೆಂಡತಿ ಐಸೊಬೆಲ್ ಎಷ್ಟು ಗೋಗರೆದರೂ ಊರಿನಲ್ಲಿ ಬೇರೆ ಕೆಲಸವಿರಲಿಲ್ಲ. ಬಿಲ್ಲೆಗಳನ್ನು ಕಿತ್ತು, ನಮ್ಮ ಜೋಡಿಯನ್ನೇ ಹಾಕಿಕೊಂಡು ರೆನ್ನಿ ಗಣಿಗಿಳಿದ.

ಒಂದು ಮಧ್ಯಾಹ್ನ ಸುರಂಗದ ಮೇಲ್ಭಾಗ ಲಟಲಟನೆ ಮುರಿಯತೊಡಗಿತು. ಜೊತೆಯವರು ಓಡಿ ಪಾರಾದರು. ಇವನೂ ಓಡಲು ನೋಡಿದ. ಮೊಣಕಾಲು ಕುಸಿಯಿತು. ನಾನು ನೆಲವನ್ನು ಕಚ್ಚಿ ಹಿಡಿದೆ, ಆದರೆ ಬೂಟಿನ ಕೈಲಿ ಏನಾಗುತ್ತದೆ?

ರೆನ್ನಿಯನ್ನು ಮಣ್ಣು ಮಾಡಿದ ಮೇಲೆ ಲೋರಿಮರ್ ಮನೆಗೆ ಬಂದು, ಟೊಪ್ಪಿ ಕೈಯಲ್ಲಿ ಹಿಡಿದು ನಿಂತ. "ಒಂಟಿ ಕಾಲಲ್ಲಿ ಕಪ್ ಗೆಲ್ಲಿಸಿದೋನು ಕಣಮ್ಮಾ. ಬೂಟು ಕ್ಲಬ್ಬಲ್ಲಿರ್ಲಿ, ಜನ ನೋಡ್ಲಿ."

"ತಗೊಂಡ್ಹೋಗಿ," ಎಂದಳು ಐಸೊಬೆಲ್. "ಕಾಲನ್ನ ಆಗ್ಲೇ ತಗೊಂಡಿದ್ದೀರಲ್ಲ."

ಈಗ ನಾನು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಮುದುಕನಾಗಿದ್ದೇನೆ. ಹೊಸ ಬಿಲ್ಲೆ ಬಡಿದು ಪಾಲಿಶ್ ಹಾಕಿದ್ದಾರೆ. ಆ ಹೊಳಪು ನನಗೆ ನಾಚಿಕೆ ತರುತ್ತದೆ. ಪಂದ್ಯದ ನಡುವೆ ಯಾರಾದರೂ ಕುಂಟುತ್ತ ಒಳಗೆ ಬಂದರೆ ಲೋರಿಮರ್ ಅವರನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಾನೆ. ಅವರು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಬಟ್ಟೆ ಬಿಗಿಸಿಕೊಂಡು ಮತ್ತೆ ಮೈದಾನಕ್ಕೆ ಹೋಗುತ್ತಾರೆ.