ಆರು ತಾಸಿನ ಹೊಗೆ

ಹಂದಿಯ ಪಕ್ಕೆಲುಬಿನ ಒಳಮೈಗೆ ತೆಳ್ಳನೆಯ ಪೊರೆಯೊಂದು ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸದಿದ್ದರೆ ಉಪ್ಪೂ ಇಳಿಯದು, ಹೊಗೆಯೂ ಇಳಿಯದು. ಭಾನುವಾರ ಬೆಳಿಗ್ಗೆ ಆರೂವರೆಗೆ ಅವಳು ಚಮಚದ ಹಿಡಿಯನ್ನು ಎಲುಬಿನ ಅಂಚಿಗೆ ತೂರಿಸಿ, ಎದ್ದ ಪೊರೆಯನ್ನು ಒಣಬಟ್ಟೆಯಲ್ಲಿ ಹಿಡಿದು ಎಳೆದಳು. ಸರ್ರನೆ ಒಂದೇ ಏಟಿಗೆ ಬಂತು.

"ಒಳ್ಳೇ ಶಕುನ," ಎಂದಿತು ರೇಡಿಯೋ, ಬಾಗಿಲಿಗೊರಗಿ ಹಲ್ಲುಜ್ಜುತ್ತಾ.

ರೇಡಿಯೋ ಎಂದರೆ ಅವಳ ಗಂಡ. ಹದಿನಾರು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಹೊರಡುವ ಹೊತ್ತು ಕೂಗಿದವನು. ಯಾರ ದನಿಯೇ ಆಗಲಿ, ಅರ್ಧ ನಿಮಿಷ ಕಿವಿಗೆ ಬಿದ್ದರೆ ಅವನ ಗಂಟಲಲ್ಲಿ ಬಿಟ್ಟಿ ಬಿಡಾರ ಹೂಡಿಬಿಡುತ್ತಿತ್ತು. ನಾಲ್ಕು ತಿಂಗಳ ಹಿಂದೆ ನಿಲ್ದಾಣದವರು ಯಾವಳೋ ಹುಡುಗಿಯ ದನಿಯನ್ನು ಯಂತ್ರದಲ್ಲಿ ತುಂಬಿಸಿ ತಂದು ಇವನನ್ನು ಮನೆಗೆ ಕಳಿಸಿದ್ದರು. ಅಂದಿನಿಂದ ಪ್ರಸಾರವೆಲ್ಲ ಮನೆಯೊಳಗೇ.

"ನೆನಪಿದೆ ತಾನೇ?" ಎಂದಳು. "ಹೋಟೆಲ್‌ನವರು ಊಟ ಮಾಡಿ ಏಳೋದ್ರೊಳಗೆ ಹೇಳ್ಬೇಕು. ಇದನ್ನ ಮಾಡಿದ್ದು ಇವಳು, ನಿಮ್ಮಲ್ಲಿ ಖಾಲಿ ಇರೋ ಜಾಗಕ್ಕೆ ಇವಳನ್ನ ತಗೊಳ್ಳಿ ಅಂತ."

"ಹೇಳ್ತೀನಿ ಕಣೇ. ಹೇಳೋದೊಂದೇ ತಾನೇ ನಂಗೆ ಬರೋದು?"

ಪೇಟೆಯ ಮೂಲೆಯ ಹೋಟೆಲಿನಲ್ಲಿ ಮಾಂಸಕ್ಕೆ ಹೊಗೆ ಹಾಕುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದ. ಯಜಮಾನರು ರೇಡಿಯೋಗೆ ಚಹಾದ ಗೆಳೆಯರು. ಅವಳೋ ಹನ್ನೊಂದು ವರ್ಷದಿಂದ ದೊಡ್ಡಾಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಉಗಿಯಂತ್ರದಡಿ ಹಾಯಿಸುತ್ತಿದ್ದವಳು. 'ಇಸ್ತ್ರಿಗೊಬ್ಬ ಸ್ತ್ರೀ' ಎಂದು ಗಂಡ ನಗೆಯಾಡುತ್ತಿದ್ದ. ಸಂಜೆಗೆ ಬಾತುಕೊಳ್ಳುವ ಮಣಿಕಟ್ಟಿಗೆ ಆ ನಗೆ ತಲುಪುತ್ತಿರಲಿಲ್ಲ. ಎರಡು ವರ್ಷ ಹಿತ್ತಿಲಲ್ಲಿ ಎಣ್ಣೆ ಪೀಪಾಯಿಗೆ ತೂತು ಕೊರೆದು, ಸುಟ್ಟು, ಕೆಡಿಸಿ, ಹೊಗೆ ಹಾಕುವುದನ್ನು ಕಲಿತಿದ್ದಳು. ಆ ಇಸ್ತ್ರಿ ಕೋಣೆಯಿಂದ ಹೊರಬರಲು ಅವಳಿಗಿದ್ದದ್ದು ಈ ಪೀಪಾಯಿಯೊಂದೇ.

ಏಳಕ್ಕೆ ಕೆಂಡದ ಮೇಲೆ ಹಣ್ಣಿನ ಮರದ ತುಂಡಿಟ್ಟಳು. ಬೆಳ್ಳನೆಯ ದಟ್ಟ ಹೊಗೆ ತಿಳಿಯಾಗಿ ನೀಲಿಗೆ ತಿರುಗುವವರೆಗೂ ಕಾದು, ಆಮೇಲೆ ಮಾಂಸ ಇಟ್ಟು ಮುಚ್ಚಿದಳು. ಮತ್ತೆ ಮುಚ್ಚಳ ತೆರೆದದ್ದು ಹತ್ತಕ್ಕೆ, ಮಾಂಸಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಲು.

ಹನ್ನೆರಡೂವರೆಗೆ ಯಜಮಾನರು ಬಂದರು. ಅವಳು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಹಿತ್ತಿಲಿನಿಂದ ಅವಳದೇ ದನಿ ಕೇಳಿಸಿತು.

"ರೀ! ಮುಚ್ಚಳಕ್ಕೆ ಕೈ ಹಚ್ಚಿದ್ರೆ ಕೈಗೂ ಮಸಾಲೆ ಹಚ್ತೀನಿ! ಇಣುಕಿ ನೋಡೋಕೆ ಇದೇನು ಟೀವಿನಾ? ಬೆಳ್ಳಗೆ ದಪ್ಪ ಹೊಗೆ ಬಂದ್ರೆ ಮಾಂಸ ಕಹಿ. ಕಟ್ಟಿಗೆ ಉಸಿರುಗಟ್ಟಿ ಅರೆಬರೆ ಉರೀತಿದೆ ಅಂತ ಅರ್ಥ. ಕೆಳಗಿನ ತೂತು ಮುಚ್ಚಬೇಡಿ, ಬೆಂಕಿಗೂ ಮೂಗು ಬೇಡ್ವಾ? ಮೂರು ಗಂಟೆ ಬರೀ ಹೊಗೆ, ಎರಡು ಗಂಟೆ ಹಾಳೆ, ಕೊನೇ ಗಂಟೆ ಸಾಸು. ಅವಸರ ಇದ್ರೆ ಬಿಸ್ಕತ್ತು ತಿಂದು ಮಲಗಿ!"

ಕಿಟಕಿಯಲ್ಲಿ ನೋಡಿದಳು. ರೇಡಿಯೋ ಅವಳ ಏಪ್ರನ್ ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಮೂಗು ಮೇಲೆತ್ತಿ ನಿಂತಿತ್ತು. ಯಜಮಾನರು ಹೊಟ್ಟೆ ಹಿಡಿದುಕೊಂಡಿದ್ದರು. ಅವಳಿಗೂ ನಗು ಬಂತು. ಎರಡು ವರ್ಷದ ಪಾಠ ಒಂದೂ ತಪ್ಪಿಲ್ಲದೆ, ಸಾಲಾಗಿ ಬಂದಿತ್ತು.

ಊಟಕ್ಕೆ ಕುಳಿತರು. ಯಜಮಾನರು ಒಂದು ಎಲುಬು ಹಿಡಿದು ಎಳೆದರು. ಮಾಂಸ ತಟ್ಟೆಯಲ್ಲೇ ಉಳಿದು, ಎಲುಬು ತೊಳೆದಿಟ್ಟಂತೆ ಕೈಗೆ ಬಂತು. ನಾಲ್ಕನೆಯ ಎಲುಬು ಬರಿದಾದ ಮೇಲೆ ಅವಳ ಗಂಡನತ್ತ ತಿರುಗಿದರು.

"ಹತ್ತು ವರ್ಷ ನನ್ನ ಹತ್ರ ಇದ್ದೋನಿಗೂ ಬಿಳೀ ಹೊಗೆ ಯಾಕೆ ಕಹಿ ಅಂತ ಗೊತ್ತಿರ್ಲಿಲ್ಲ. ನೀನು ಕುಣೀತಾ ಹೇಳ್ಬಿಟ್ಯಲ್ಲಯ್ಯ! ರೇಡಿಯೋ, ನಾಳೆಯಿಂದ ಬಾ ನೀನು."

ಅವಳು ಗಂಡನ ಮುಖ ನೋಡಿದಳು. ಅವನು ಬೆರಳು ಒರೆಸಿಕೊಂಡ. ಒಂದು ಬಸ್ಸು ಹತ್ತಿಸಿ ಕಳಿಸುವಷ್ಟು ಹೊತ್ತು ಒರೆಸಿಕೊಂಡ. ಆಮೇಲೆ ಕೈಮುಗಿದು, "ಎಲ್ಲ ಇವಳ ದಯೆ ಸಾರ್. ನಂದೇನಿದೆ?" ಎಂದ.

ಸುಳ್ಳಲ್ಲ. ಆದರೆ ಸನ್ಮಾನ ಮಾಡಿಸಿಕೊಂಡವರು ವೇದಿಕೆಯ ಮೇಲೆ ಆಡುವ ದನಿಯಲ್ಲಿ ಹೇಳಿದ. ಆ ದನಿಯ ಮಾತನ್ನು ಯಾರೂ ನಂಬಬೇಕಾಗಿಲ್ಲ. ಯಜಮಾನರು ನಂಬಲಿಲ್ಲ.

"ಸಾರ್, ಮಾಡಿದ್ದು ನಾನು," ಎಂದಳು ಅವಳು. "ಇವರು ಕೆಂಡ ಕೂಡ ಮುಟ್ಟಿಲ್ಲ. ಹೊಗೆ ನೀಲಿಗೆ ತಿರುಗೋವರೆಗೂ ಕಾದು, ಮುಚ್ಚಳಕ್ಕೆ ಕೈ ಹಚ್ಚದೆ..."

ಯಜಮಾನರು ಮೇಜು ಕುಟ್ಟಿ ನಕ್ಕರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. "ಅಯ್ಯಯ್ಯೋ! ಥೇಟ್! ಅದೇ ಮೂಗು, ಅದೇ ರಾಗ! ಎಂಥಾ ಜೋಡಿಯಪ್ಪಾ! ಇನ್ನೊಂದ್ಸಲ ಹೇಳಮ್ಮಾ, ಮುಚ್ಚಳಕ್ಕೆ ಕೈ ಹಚ್ಚಿದ್ರೆ...?"

ನಕಲು ಮೊದಲು ಬಂದು ಕೂತಿತ್ತು. ಅಸಲು ತಡವಾಗಿ ಬಂದು ನಕಲಿನಂತೆ ಕಂಡಿತು. ಹೊಗೆ ಕುಡಿದವಳು ಅವಳು, ಹೊಗಳಿಕೆ ಉಂಡವನು ಅವನು.

ಅವರು ಹೋದ ಮೇಲೆ ಕೇಳಿದಳು: "ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲೇ, ನಿನ್ನ ದಯೆ ಅಂತ! ಯಾರಿಗೆ ಬಂದ್ರೇನು, ಮನೆಗೆ ತಾನೇ?" ಎಂದವನು, ಆಮೇಲೆ ಯಾರದೂ ಅಲ್ಲದ ಸಣ್ಣ ದನಿಯಲ್ಲಿ, "ನಾಲ್ಕು ತಿಂಗಳಾಯ್ತು ಕಣೇ, ನನ್ನನ್ನ ಯಾರಾದ್ರೂ 'ಬಾ' ಅಂದು," ಎಂದ.

ಅವಳು ತಟ್ಟೆಗಳನ್ನು ಎತ್ತಿದಳು.

ಮರುದಿನ ಹನ್ನೊಂದೂವರೆಗೆ ಇಸ್ತ್ರಿ ಕೋಣೆಯಲ್ಲಿ ಫೋನು ಬಡಿದುಕೊಂಡಿತು.

"ಕೆಟ್ಟೆ ಕಣೇ! ಮಾಂಸದ ಬಿಸಿ ಒಂದೂವರೆ ಗಂಟೆಯಿಂದ ಒಂದೇ ಕಡೆ ನಿಂತಿದೆ. ಮೀಟರಿನ ಮುಳ್ಳು ಅಲ್ಲಾಡ್ತಾನೇ ಇಲ್ಲ. ಬೆಂಕಿ ಜಾಸ್ತಿ ಮಾಡ್ಲಾ?"

ಮಾಂಸ ಬೆವರುವ ಹೊತ್ತು ಅದು. ಬೆವರು ಆರುವಾಗ ಮೈ ತಣಿಯುತ್ತದೆ, ಬಿಸಿ ಏರದೆ ನಿಲ್ಲುತ್ತದೆ. ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ಕಾಯಬೇಕು. ಹಿತ್ತಿಲಲ್ಲಿ ಅವಳು ಪ್ರತಿ ಸಲವೂ ಸುಮ್ಮನೆಯೇ ಕಾದಿದ್ದಳು. ಬಾಯಿಬಿಟ್ಟು ಹೇಳದ್ದನ್ನು ರೇಡಿಯೋ ಹಿಡಿದಿರಲಿಲ್ಲ.

"ಯಜಮಾನರ ಕೈಗೆ ಫೋನ್ ಕೊಡಿ," ಎಂದಳು.

"ಈಗ್ಲೇನಾ?"

"ಕೊಡಿ. ಆಮೇಲೆ ಹೇಳ್ತೀನಿ."

ಕ್ಷಣ ಬಿಟ್ಟು ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಹಾಂ, ಹೇಳಮ್ಮಾ."

ಅವಳು ಉಸಿರು ಹಿಡಿದು ಹೇಳಿದಳು: "ಸಾರ್, ನಿನ್ನೆ ನೀವು ತಿಂದಿದ್ದು ನಾನು ಮಾಡಿದ್ದು. ಆ ಕೆಲಸ ನಾನು ಕೇಳ್ಬೇಕು ಅಂತಾನೇ ನಿಮ್ಮನ್ನ ಕರೆಸಿದ್ದು. ಒಂದೇ ದಿನ ನೋಡಿ ಸಾರ್, ನಾನು ಬಂದು ಮಾಡಿ ತೋರಿಸ್ತೀನಿ."

"ಹೌದಾ? ನೋಡೋಣಮ್ಮಾ, ನೋಡೋಣ."

ಆ ಮಾತಿನ ಹಿಂದೆ ದೂರದಿಂದ, ಪಾತ್ರೆಗಳ ಗಲಾಟೆಯ ನಡುವೆ, ಅದೇ ದನಿ ಕೂಗುತ್ತಿತ್ತು: "ರೇಡಿಯೋ ಎಲ್ಲಿ ಹಾಳಾಗಿ ಹೋದ್ನಯ್ಯಾ? ಒಂದು ಗಂಟೆಗೆ ಜನ ಬಂದು ಕೂತ್ಕೋತಾರೆ!"

ಫೋನು ಯಜಮಾನರ ಕೈಗೆ ಹೋಗಿಯೇ ಇರಲಿಲ್ಲ. ಒಬ್ಬ ಯಜಮಾನ ದೂರದಲ್ಲಿ, ಇನ್ನೊಬ್ಬ ಕಿವಿಯಲ್ಲಿ.

"ಅದಿರ್ಲಮ್ಮಾ," ಎಂದ ಕಿವಿಯಲ್ಲಿದ್ದವನು. ದನಿ ಈಗ ಅಂಚಿನಲ್ಲಿ ನಡುಗುತ್ತಿತ್ತು. "ಬೆಂಕಿ ಜಾಸ್ತಿ ಮಾಡ್ಬೇಕಾ, ಬೇಡ್ವಾ? ಅದನ್ನ ಮೊದ್ಲು ಹೇಳು."

'ಬೇಡ' ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದಳು.

"ಅದನ್ನ ನಿಮ್ಮ ಹೊಸ ಅಡುಗೆಯವರನ್ನೇ ಕೇಳಿ, ಸಾರ್," ಎಂದು ಫೋನಿಟ್ಟು, ಮುಂದಿನ ಹೊದಿಕೆಯನ್ನು ಯಂತ್ರದೊಳಕ್ಕೆ ನೂಕಿದಳು.