ಯಾವ ಹುಲಿಗೇಶ್?

ಮೂವತ್ತೊಂದು, ಈಗ ಮೂವತ್ತು — ಪರದೆಯ ಮೂಲೆಯಲ್ಲಿ ಬೇಸಿನ, ಮಗಳು ಕಂಪ್ಯೂಟರ್ ಆಟದಲ್ಲಿ ಕಡಲಡಿಗೆ ಕಟ್ಟಿದ ಮನೆಯ, ಕರೆಂಟು ಇಳಿಯುತ್ತಲೇ ಇದೆ, ಆಟದ ಸಮುದ್ರಕ್ಕೆ ಕತ್ತಲಾಗಿದೆ, ಸೋಲಾರ್ ಪ್ಯಾನೆಲ್ಲುಗಳು ದಂಡಪಿಂಡಗಳ ಹಾಗೆ ಬಿದ್ದುಕೊಂಡಿವೆ, ಇಲ್ಲಿ ಹೊಸಪೇಟೆಯ ಮನೆಯಲ್ಲಿ ಮಾತ್ರ ಮೂರು ಗಂಟೆಯ ಬಿಸಿಲು ಕಿಟಕಿಯ ಸರಳು ಕಾಯಿಸುತ್ತಿದೆ, ನೀರಿನ ಫಿಲ್ಟರ್ ಬಂದ್ ಮಾಡು ಲಿಂಗರಾಜ, ಎಲ್ಲಕ್ಕಿಂತ ಹೊಟ್ಟೆಬಾಕ ಅದು, ಬ್ಯಾಟರಿ ಚಾರ್ಜರ್ ಆಮೇಲೆ, ದೀಪ ಆಮೇಲೆ, ಉಸಿರಾಡುವ ಗಾಳಿ ಮಾತ್ರ ಕೊನೆಯವರೆಗೆ ಉಳಿಯಬೇಕು, ಇನ್ನೂರು ಮೀಟರ್ ಆಳದಲ್ಲಿ ಕರೆಂಟು ಸೊನ್ನೆಯಾದರೆ ಗಾಳಿಯೂ ಸೊನ್ನೆ — ಇದನ್ನು ನನಗೆ ಯಾರೂ ಕಲಿಸಬೇಕಿಲ್ಲ, ಕುರೆಕುಪ್ಪದಾಚೆ ಆ ಸಣ್ಣ ಸ್ಪಾಂಜ್ ಐರನ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಮಾಡಿದ್ದು ಇದನ್ನೇ, ಯಾವ ಲೈನಿಗೆ ಕೊಡಬೇಕು, ಯಾವುದನ್ನು ಕಡಿಯಬೇಕು, ಆಟದಲ್ಲಿ ನಾನು ಮಹಾ ಜಾಣ, ಇಲ್ಲಿ ಇವತ್ತಿನವರೆಗೆ ಒಂದು ಮೀನಿಗೂ ಶಾಕ್ ಹೊಡೆದಿಲ್ಲ. ಮಗಳು ತ್ರಿವೇಣಿ ಕಾಲೇಜಿಗೆ ಹೊರಟವಳು ಲ್ಯಾಪ್‌ಟಾಪು ನನ್ನ ತೊಡೆಯ ಮೇಲಿಟ್ಟು, ಅಪ್ಪಾ ನೀ ಬೇಸ್ ನೋಡ್ಕೊಂತ ಕುಂದ್ರು, ಬಯೋ ರಿಯಾಕ್ಟರ್‌ದಾಗ ಮೀನು ಖಾಲಿ ಆಗ್ಯಾವ, ಹಾಕು, ಅಂದಳು, ಆಮೇಲೆ ನನ್ನ ಮುಖ ನೋಡಿ, ಆ ಫೋನ್ ಹಿಡ್ಕೊಂಡು ಕುಂದ್ರಬ್ಯಾಡ, ಬರಾದಿದ್ರ ಬರ್ತೈತಿ. ಅವಳಿಗೆ ನಾನು ಸಸ್ಪೆಂಡ್ ಆಗಿರುವುದು ಗೊತ್ತು. ಯಾಕೆ ಅನ್ನುವುದು ಅರ್ಧ ಗೊತ್ತು.

ಲೈನ್ ಕ್ಲಿಯರ್ ಅಂದರೆ ಬರೀ ಕಾಗದವಲ್ಲ, ಮಾತು — ಈ ತಂತಿಯಲ್ಲಿ ಕರೆಂಟಿಲ್ಲ, ನೀನು ಕೈ ಹಾಕು, ನೀನು ಇಳಿದು ಬಂದು ವಾಪಸ್ ಅನ್ನುವವರೆಗೆ ಸ್ವಿಚ್ ನಾನು ಕಾಯುತ್ತೇನೆ ಅಂತ ಒಬ್ಬನಿಗೆ ಇನ್ನೊಬ್ಬ ಕೊಡುವ ಮಾತು, ಅವತ್ತು ಎರಡು ಕೊಟ್ಟಿದ್ದೆ, ಕನ್ವೇಯರ್ ಲೈನಿಗೆ ಕಂಪ್ಲಿಯ ಹುಲಿಗೇಶ್, ಕ್ರಷರ್ ಲೈನಿಗೆ ಕಡ್ಡಿರಾಂಪುರದ ಹುಲಿಗೇಶ್, ನಮ್ಮ ಕಡೆ ಹುಲಿಗೆಮ್ಮನಿಗೆ ಹರಕೆ ಹೊತ್ತು ಹಡೆದ ಗಂಡುಮಕ್ಕಳೆಲ್ಲ ಹುಲಿಗೇಶರೇ, ಕ್ಯಾಂಟೀನಿನಲ್ಲಿ ಹುಲಿಗೇಶಾ ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅದಕ್ಕೇ ಊರು ಕೇಳು, ಪರ್ಮಿಟ್ ನಂಬರ್ ಕೇಳು, ಬರೆದುಕೊಂಡು ತಿರುಗಿ ಓದಿ ಹೇಳು, ಹೊಸಬರಿಗೆಲ್ಲ ನಾನೇ ಬಾಯಿಪಾಠ ಮಾಡಿಸಿದ್ದು — ಅವತ್ತು ಮಧ್ಯಾಹ್ನ ಹನ್ನೆರಡೂವರೆ, ಮೊಬೈಲಿನಲ್ಲಿ ತ್ರಿವೇಣಿಯ ಮೆಸೇಜು, ಅಪ್ಪಾ ಬೇಸ್ ಕರೆಂಟ್ ಹೊಂಟೈತಿ ಏನ್ ಆಫ್ ಮಾಡ್ಲಿ, ಜಲ್ದಿ ಹೇಳು, ನಾನು ಫಿಲ್ಟರ್ ಅಂತ ಒತ್ತುತ್ತಿದ್ದೇನೆ, ಫಿ ಬಂತು, ಒತ್ತಕ್ಷರ ಬರುತ್ತಿಲ್ಲ, ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡ ಪ್ಲಾಂಟಿನ ಫೋನಿನಲ್ಲಿ ಯಾರೋ, ಸರ, ಹುಲಿಗೇಶ್ ರೀ, ಲೈನ್ ಕ್ಲಿಯರ್ ವಾಪಸ್, ಹೂಂ ಅಂದೆ, ಯಾವ ಹುಲಿಗೇಶ್ ಅನ್ನಲಿಲ್ಲ, ಎರಡೇ ಮಾತು, ಯಾವ ಹುಲಿಗೇಶ್, ನಾಲಿಗೆ ಸವೆಯುತ್ತಿತ್ತೇ, ಕ್ರಷರಿನವರು ಬೆಳಗಿನಿಂದ ಅವಸರ ಮಾಡುತ್ತಿದ್ದರು, ಅವನೇ ಇರಬೇಕು ಅಂತ ಕ್ರಷರ್ ಲೈನಿನ ಸ್ವಿಚ್ ಹಾಕಿದೆ. ಫೋನ್ ಮಾಡಿದವನು ಕಂಪ್ಲಿಯವನು. ಕಡ್ಡಿರಾಂಪುರದವನು ಇನ್ನೂ ಕಂಬದ ಮೇಲಿದ್ದ.

ಬೇಸಿನ ಕರೆಂಟು ಇಪ್ಪತ್ತೆರಡು, ಮೀನು ಹಾಕು, ಇನ್ನೆರಡು ಹಾಕು, ರಿಯಾಕ್ಟರ್ ಗುರ್ ಅನ್ನುತ್ತದೆ, ತಿಂದದ್ದಕ್ಕೆ ಲೆಕ್ಕವಾಗಿ ಕರೆಂಟು ಕೊಡುತ್ತದೆ, ಎಷ್ಟು ನಿಯತ್ತಿನ ಯಂತ್ರ, ಪ್ಲಾಂಟಿನ ಹೊಟ್ಟೆಗೆ ಕಡ್ಡಿರಾಂಪುರದ ಹುಲಿಗೇಶನ ಎರಡೂ ಕೈ ಹೋದವು, ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ, ಕಂಪ್ಲಿಯವನನ್ನು ಮರುದಿನವೇ ಕೆಲಸ ಬಿಡಿಸಿ ಕಳಿಸಿದರು, ಉಳಿದದ್ದು ನಾನೊಬ್ಬ ಸಾಕ್ಷಿ, ಸೇಫ್ಟಿ ಆಫೀಸರ್ ಉಚ್ಚೆಂಗೆಪ್ಪ ನನ್ನನ್ನು ಕೂರಿಸಿಕೊಂಡು ಚಹಾ ತರಿಸಿದ, ಚಹಾ ತರಿಸಿದಾಗಲೇ ತಿಳಿಯಬೇಕಿತ್ತು, ನೋಡಪಾ ಲಿಂಗರಾಜ್, ಫೋನ್ ಮಾಡ್ದಾಂವ ಕಡ್ಡಿರಾಂಪುರದಾಂವನ ಅಂತ ಬರದ್ಬಿಡು, ವಾಪಸ್ ಕೊಟ್ಟು ಮರ್ತು ಮತ್ತ ಏರ್ಯಾನ, ತಪ್ಪು ಅವಂದು, ಪ್ಲಾಂಟಿಗೂ ತ್ರಾಸಿಲ್ಲ, ನೀನೂ ಸೋಮವಾರ ಡ್ಯೂಟಿಗೆ ಬಾ, ಮಗಳ ಓದು ಐತಿ ನಿಂದು — ತಪ್ಪು ಅವನದೇ ಅಂತಾದರೆ ಅವನಿಗೆ ಪರಿಹಾರವಿಲ್ಲ, ಏನೂ ಇಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಬರೆದೆ, ಕೆಳಗೆ ಗೀಟೆಳೆದು ಸಹಿ ಮಾಡಿದೆ, ಚಹಾ ಕೂಡ ಕುಡಿದೆ, ಥೂ. ಇವತ್ತು ಅದೇ ಕಾಗದ ಹಿಡಿದು ಉಚ್ಚೆಂಗೆಪ್ಪ ಕಡ್ಡಿರಾಂಪುರಕ್ಕೆ ಹೋಗಿದ್ದಾನೆ, ಹುಲಿಗೇಶ್ ಒಪ್ಪಿದರೆ ಐದು ಗಂಟೆಗೆ ಅದು ಮೇಲಿನ ಆಫೀಸಿಗೆ ಹೋಗುತ್ತದೆ, ಮುಗಿಯಿತು, ಒಪ್ಪಬಾರದು, ನಾನು ಫೋನ್ ಮಾಡೇ ಇಲ್ಲ ಅಂತ ಅವನು ಕೂಗಾಡಲಿ, ನನಗೆ ಬಾಯಿಗೆ ಬಂದ ಹಾಗೆ ಬೈಯಲಿ, ವಿಚಾರಣೆ ಆಗಲಿ, ನಿಜ ಹೊರಗೆ ಬರಲಿ, ನಾನು ಹೇಳದೆಯೇ ಬರಲಿ — ಎಂಥ ಹೇಡಿ ನೋಡು, ಕೈ ಕಳೆದುಕೊಂಡವನೇ ನನ್ನ ಪರವಾಗಿ ನಿಜವನ್ನೂ ಹೇಳಬೇಕು. ಇಪ್ಪತ್ತಾರಕ್ಕೆ ಏರಿತು, ದೀಪ ಹಾಕಿಕೊಳ್ಳಬಹುದು.

ಫೋನು — ಅನುಸೂಯಾ, ಹುಲಿಗೇಶನ ಹೆಂಡತಿ, ಅಣ್ಣಾರ, ಸಾಹೇಬ್ರು ಈಗ ಹ್ವಾದ್ರು, ಕಾಗದ ಆತ್ರಿ, ಏನಾಯಿತಮ್ಮ, ಒಪ್ಪಿಗಿ ಆತ್ರಿ, ಇವ್ರಿಗೆ ಆವತ್ತಿಂದು ಏನೂ ನೆನಪಿಲ್ಲಲ್ರಿ, ಮೊದ್ಲು ಒಲ್ಲೆ ಅಂದ್ರು, ನಾ ಹಂಗ ಮಾಡಾಂವ ಅಲ್ಲ ಅಂದ್ರು, ಆಮ್ಯಾಲೆ ಸಾಹೇಬ್ರು ನಿಮ್ಮ ಸಹಿ ತೋರಿಸಿದ್ರು, ಭಾಳ ಹೊತ್ತು ನೋಡಿದ್ರು, ಲಿಂಗಣ್ಣ ಬರದಾನಂದ್ರ ಖರೇ ಇರಬೇಕು, ಲಿಂಗಣ್ಣ ಸುಳ್ಳು ಬರಿಯಂಗಿಲ್ಲ, ನಾನ ಫೋನ್ ಮಾಡಿರಬೇಕು ಅಂದ್ರು — ಮುಂದೇನೋ ಹೇಳುತ್ತಿದ್ದಾಳೆ, ಸಹಿ ಹೆಂಗ ಮಾಡಿದ ಅಂತ ಕೇಳುತ್ತಿರುವುದು ನಾನೇ, ಕೈ ಎಲ್ಲಿ ಅದಾವ್ರಿ ಅಣ್ಣಾರ, ಕಾಲಿಂದು ಹೆಬ್ಬೆಟ್ಟು ಒತ್ತಿಸಿದ್ರು, ನಾನ ಪಾದ ಹಿಡ್ದೆ, ನೀಲಿ ಇಂಕು ತೊಳೆದ್ರೂ ಹೋಗವಲ್ದು, ಮತ್ತ ನಿಮಗ ತಪ್ಪಾತು ಅಂತ ಹೇಳಂದ್ರು, ನನ್ನಿಂದ ಲಿಂಗಣ್ಣ ಮನ್ಯಾಗ ಕುಂದ್ರಂಗಾತು ಅಂತ ಅಳಾಕತ್ಯಾರ — ಹೇಳು, ಈಗ ಹೇಳು, ಐದಕ್ಕೆ ಇನ್ನೂ ಹೊತ್ತಿದೆ, ಅನುಸೂಯಾ ಅದು ಅವನಲ್ಲ ಅಂತ ಬಾಯಿ ತೆಗೆ, ಫೋನ್ ಮಾಡಿದ್ದು ಅವನಲ್ಲ, ಸುಳ್ಳು ಬರೆದದ್ದು ನಾನೇ — ಕಾಲಿನ ಹೆಬ್ಬೆರಳು, ನನ್ನ ಸಹಿಯ ಪಕ್ಕದಲ್ಲಿ ಊರಿದ ಕಾಲಿನ ಹೆಬ್ಬೆರಳು — ಹಲೋ, ಅಣ್ಣಾರ — ಉಗುರಿನ ಸಂದಿಯಲ್ಲಿ ನೀಲಿ, ಹೇಳು, ಹೇಳೋ — ಕೇಳಸ್ತೈತೇನ್ರಿ — ಹೆಂಡತಿ ಎರಡೂ ಕೈಯಲ್ಲಿ ಹಿಡಿದ ಪಾದ, ನೀಲಿ, ಕಾಲಿನ ಹೆಬ್ಬೆರಳು —